ಬಿಳಿಸೆರಗೆಲ್ಲವೂ ಒಂದೇ ರೋಗವಲ್ಲ: ಯೀಸ್ಟ್ ಸೋಂಕಿನ ಲಕ್ಷಣ, ಕಾರಣ ಮತ್ತು ಚಿಕಿತ್ಸೆ

ಸ್ತ್ರೀಯರು ವೈದ್ಯರ ಮುಂದೆ ಹೇಳಿಕೊಳ್ಳಲು ಅತ್ಯಂತ ಸಂಕೋಚಪಡುವ ತೊಂದರೆಗಳಲ್ಲಿ ಯೋನಿಮಾರ್ಗದ ತುರಿಕೆ ಹಾಗೂ ಬಿಳಿಸೆರಗು ಮುಖ್ಯವಾದವು. ಕಳೆದ ಸಂಚಿಕೆಯಲ್ಲಿ ಉರಿಮೂತ್ರವನ್ನು ಕುರಿತು ನಾವು ಬರೆದುದನ್ನು ಓದಿದ ಕೆಲವು ಸೋದರಿಯರು, ಈ ವಿಷಯವನ್ನೂ ವಿವರಿಸಬೇಕೆಂದು ಕೇಳಿದ್ದಾರೆ. ಕೇಳಿದವರೆಲ್ಲರೂ ತಮ್ಮ ಹೆಸರು ಎಲ್ಲಿಯೂ ಬರಬಾರದೆಂದು ಸೇರಿಸಿದ್ದಾರೆ. ಆ ಸಂಕೋಚವು ಅರ್ಥವಾಗತಕ್ಕದ್ದೇ. ಆದರೆ ಅದರ ಬೆಲೆಯನ್ನು ದೇಹವೇ ತೆರಬೇಕಾಗುತ್ತದೆ. ಒಂದು ವಾರದಲ್ಲಿ ಗುಣವಾಗಬಹುದಾದ ಸೋಂಕನ್ನು ವರ್ಷಗಟ್ಟಲೆ ಸಹಿಸಿಕೊಂಡವರನ್ನು ನಾವು ಚಿಕಿತ್ಸಾಲಯದಲ್ಲಿ ಅನೇಕ ಬಾರಿ ಕಂಡಿದ್ದೇವೆ.

ನಮ್ಮ ಪ್ರಾಚೀನ ವೈದ್ಯಗ್ರಂಥಗಳಿಗೆ ಈ ಸಂಕೋಚವಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯವು 20 ಬಗೆಯ ಯೋನಿವ್ಯಾಪತ್ತುಗಳನ್ನು, ಅಂದರೆ ಸ್ತ್ರೀಯರ ಜನನಾಂಗದ ವ್ಯಾಧಿಗಳನ್ನು, ಕಣ್ಣು ಕಿವಿಗಳ ರೋಗಗಳನ್ನು ವಿವರಿಸಿದಷ್ಟೇ ನೇರವಾಗಿ ವಿವರಿಸುತ್ತದೆ. ಹೆಣ್ಣಿನ ದೇಹಧರ್ಮವನ್ನು ಮೈಲಿಗೆಯೆಂದು ಎಣಿಸುವ ರಜಸ್ಸೂತಕವನ್ನು ಶರಣರು ಒಪ್ಪಲಿಲ್ಲವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ನೆನಪಿಸಬೇಕಾಗಿಲ್ಲ. ಆದುದರಿಂದ ಹೆಸರಿಟ್ಟು ಹೇಳಬೇಕಾದುದನ್ನು ಹೆಸರಿಟ್ಟೇ ಹೇಳೋಣ.

ಸಹಜ ಸ್ರಾವ ಯಾವುದು?

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಬಿಳಿ ಸ್ರಾವವೆಲ್ಲವೂ ರೋಗವಲ್ಲ. ಋತುಮತಿಯಾದ ದಿನದಿಂದ ಮುಟ್ಟು ನಿಲ್ಲುವವರೆಗೆ ಪ್ರತಿಯೊಬ್ಬ ಸ್ತ್ರೀಯಲ್ಲಿಯೂ ಸ್ವಲ್ಪ ಪ್ರಮಾಣದ ಸ್ರಾವವಿರುತ್ತದೆ. ಬಾಯಿಗೆ ಲಾಲಾರಸ, ಕಣ್ಣಿಗೆ ಕಣ್ಣೀರು ಹೇಗೋ, ಯೋನಿಮಾರ್ಗಕ್ಕೆ ಈ ತೇವವು ಹಾಗೆ. ಮುಟ್ಟಿನ ಚಕ್ರದ ನಡುವಿನ ದಿನಗಳಲ್ಲಿ, ಅಂದರೆ ಅಂಡವು ಬಿಡುಗಡೆಯಾಗುವ ಕಾಲಕ್ಕೆ, ಅದು ಹಸಿ ಮೊಟ್ಟೆಯ ಲೋಳೆಯಂತೆ ತಿಳಿಯಾಗಿ ಎಳೆಯೆಳೆಯಾಗಿರುತ್ತದೆ. ಉಳಿದ ದಿನಗಳಲ್ಲಿ ಮಂದವಾಗಿ, ಬೆಳ್ಳಗೆ ಕಾಣುತ್ತದೆ. ಗರ್ಭಿಣಿಯರಲ್ಲಿ ಪ್ರಮಾಣ ಹೆಚ್ಚುತ್ತದೆ. ತುರಿಕೆಯಿಲ್ಲದಿದ್ದರೆ, ಉರಿಯಿಲ್ಲದಿದ್ದರೆ, ದುರ್ಗಂಧವಿಲ್ಲದಿದ್ದರೆ, ಬಣ್ಣ ಬದಲಾಗದಿದ್ದರೆ ಅದಕ್ಕೆ ಔಷಧ ಬೇಕಿಲ್ಲ.

ಬಿಳಿಸೆರಗಿನೊಡನೆ ಮೈಯ ಸತ್ವವೆಲ್ಲ ಸೋರಿಹೋಗುತ್ತದೆ, ಎಲುಬು ಕರಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿ ಪಟ್ಟಣಗಳೆರಡರಲ್ಲಿಯೂ ಇದೆ. ಅದು ನಿಜವಲ್ಲ. ಸೊಂಟನೋವು, ಆಯಾಸ, ತಲೆಸುತ್ತುಗಳೊಡನೆ ಬಿಳಿಸೆರಗನ್ನು ಹೇಳಿಕೊಂಡು ಬರುವವರಲ್ಲಿ ನಿಶ್ಶಕ್ತಿಗೆ ಕಾರಣವಾಗಿ ನಾವು ಹೆಚ್ಚಾಗಿ ಕಾಣುವುದು ರಕ್ತಹೀನತೆಯನ್ನು. ಗರ್ಭಿಣಿಯಲ್ಲದ ವಯಸ್ಕ ಸ್ತ್ರೀಯಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅದಕ್ಕೆ ಪರೀಕ್ಷೆಯೂ ಬೇರೆ, ಚಿಕಿತ್ಸೆಯೂ ಬೇರೆ.

ಯೀಸ್ಟ್ ಸೋಂಕು ಎಂದರೇನು?

ಆರೋಗ್ಯವಂತ ಯೋನಿಮಾರ್ಗದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಹಾಲನ್ನು ಮೊಸರಾಗಿಸುವ ಜೀವಿಗಳ ಬಂಧುವರ್ಗಕ್ಕೆ ಸೇರಿದ ಇವು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ, ಆ ಸ್ಥಳದ ಆಮ್ಲೀಯತೆಯನ್ನು ಪಿಎಚ್ 3.8ರಿಂದ 4.5ರವರೆಗೆ ಕಾಯ್ದುಕೊಳ್ಳುತ್ತವೆ. ಈ ಆಮ್ಲೀಯತೆಯೇ ಅಲ್ಲಿನ ಕಾವಲು. ಅದೇ ಸ್ಥಳದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಅನೇಕ ಸ್ತ್ರೀಯರಲ್ಲಿ ಅಲ್ಪ ಸಂಖ್ಯೆಯಲ್ಲಿ, ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಸಮತೋಲ ತಪ್ಪಿ ಅದು ಮಿತಿಮೀರಿ ಬೆಳೆದಾಗ ಯೋನಿಯ ಒಳಪದರವು ಕೆರಳಿ ಊದಿಕೊಳ್ಳುತ್ತದೆ. ಇದೇ ಯೀಸ್ಟ್ ಸೋಂಕು. ಬಹುಪಾಲು ಸಂದರ್ಭಗಳಲ್ಲಿ ಕಾರಣವಾಗುವುದು ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಪ್ರಭೇದ.

ನಾಲ್ವರು ಸ್ತ್ರೀಯರಲ್ಲಿ ಸುಮಾರು ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ಬರುತ್ತದೆ ಎಂಬುದು ವೈದ್ಯಶಾಸ್ತ್ರದ ಅಂದಾಜು. ಆದ್ದರಿಂದ ಇದು ಕೊಳಕಿನ ಗುರುತೂ ಅಲ್ಲ, ನಡತೆಯ ಗುರುತೂ ಅಲ್ಲ. ಇದನ್ನು ಲೈಂಗಿಕ ರೋಗಗಳ ಸಾಲಿನಲ್ಲಿ ಎಣಿಸುವುದಿಲ್ಲ. ಮದುವೆಯಾಗದ ಹೆಣ್ಣುಮಕ್ಕಳಿಗೂ ಬರುತ್ತದೆ, ವಿಧವೆಯರಿಗೂ ಬರುತ್ತದೆ. ಈ ಒಂದು ತುರಿಕೆಯ ಕಾರಣದಿಂದ ಗಂಡ ಹೆಂಡಿರು ಪರಸ್ಪರ ಸಂಶಯಪಟ್ಟ ಸಂಸಾರಗಳನ್ನು ನಾವು ಕಂಡಿದ್ದೇವೆ. ಆ ಸಂಶಯಕ್ಕೆ ಆಧಾರವಿಲ್ಲವೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಲಕ್ಷಣಗಳು ಮತ್ತು ರೋಗಭೇದ

ಯೀಸ್ಟ್ ಸೋಂಕಿನ ಪ್ರಧಾನ ಲಕ್ಷಣ ತುರಿಕೆ. ಅದು ಅನೇಕರಲ್ಲಿ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಉಲ್ಬಣಿಸುತ್ತದೆ. ಸ್ರಾವವು ಗಟ್ಟಿಮೊಸರಿನ ಗರಣೆಗಳಂತೆ ಬೆಳ್ಳಗಿದ್ದು ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಸ್ರಾವವೇ ಇಲ್ಲದೆ ತುರಿಕೆ ಮಾತ್ರವಿರಬಹುದು. ಹೊರಭಾಗ ಕೆಂಪಾಗಿ ಊದಿಕೊಳ್ಳುತ್ತದೆ, ಕೆರೆದಲ್ಲಿ ಸೀಳುತ್ತದೆ. ಮೂತ್ರವು ಆ ಸೀಳಿಗೆ ತಾಗಿದಾಗ ಉರಿಯಾಗುತ್ತದೆ, ದಾಂಪತ್ಯ ಸಂಪರ್ಕದಲ್ಲಿ ನೋವಾಗುತ್ತದೆ. ಗಮನಿಸಬೇಕಾದ ಅಂಶವೆಂದರೆ ಇದರಲ್ಲಿ ದುರ್ಗಂಧವಿರುವುದಿಲ್ಲ.

ಇದೇ ಹೆಸರಿನಿಂದ ಜನರು ಕರೆಯುವ ಇತರ ರೋಗಗಳು ಬೇರೆಯವು.

ಸ್ರಾವವು ತೆಳ್ಳಗೆ, ಬೂದುಬಣ್ಣದ್ದಾಗಿದ್ದು, ಮೀನಿನಂಥ ವಾಸನೆಯಿದ್ದರೆ ಅದು ಬ್ಯಾಕ್ಟೀರಿಯಾಗಳ ಅಸಮತೋಲದಿಂದ ಆದ ವಜಿನೋಸಿಸ್. ಇದರಲ್ಲಿ ತುರಿಕೆ ಅಲ್ಪ.

ಸ್ರಾವವು ಹಳದಿ ಅಥವಾ ಹಸಿರು ಛಾಯೆಯದಾಗಿ ನೊರೆನೊರೆಯಾಗಿದ್ದು, ವಾಸನೆಯೂ ಇದ್ದರೆ ಟ್ರೈಕೊಮೊನಾಸ್ ಎಂಬ ಏಕಕೋಶಜೀವಿಯ ಸೋಂಕನ್ನು ಶಂಕಿಸಬೇಕು. ಇದು ಸಂಪರ್ಕದಿಂದ ಹರಡುವುದರಿಂದ ಪತಿ ಪತ್ನಿ ಇಬ್ಬರಿಗೂ ಏಕಕಾಲದಲ್ಲಿ ಚಿಕಿತ್ಸೆಯಾಗಬೇಕು.

ಸ್ರಾವದಲ್ಲಿ ರಕ್ತದ ಛಾಯೆಯಿದ್ದರೆ, ಸಂಪರ್ಕದ ನಂತರ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ಮತ್ತೆ ಕಲೆ ಕಂಡರೆ, ಕೊಳೆತ ವಾಸನೆಯ ನೀರಿನಂಥ ಸ್ರಾವವಿದ್ದರೆ ಗರ್ಭಕಂಠದ ಅಥವಾ ಗರ್ಭಾಶಯದ ಕ್ಯಾನ್ಸರ್ ಇದೆಯೇ ಎಂದು ತಡಮಾಡದೆ ಪರೀಕ್ಷಿಸಿಕೊಳ್ಳಬೇಕು.

ಬಿಳಿಸೆರಗಿಗೆ ಒಂದೇ ಕಷಾಯ, ಒಂದೇ ಮಾತ್ರೆ ಎಂದು ಹೇಳಲಾಗದಿರುವುದು ಈ ಕಾರಣದಿಂದಲೇ. ಬ್ಯಾಕ್ಟೀರಿಯಾದ ತೊಂದರೆಗೆ ಶಿಲೀಂಧ್ರದ ಔಷಧ ನಾಟುವುದಿಲ್ಲ. ಶಿಲೀಂಧ್ರದ ತೊಂದರೆಗೆ ಆಂಟಿಬಯಾಟಿಕ್ ಕೊಟ್ಟರೆ ಅದು ಇನ್ನಷ್ಟು ಬೆಳೆಯುತ್ತದೆ. ಸ್ರಾವದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಖರ್ಚಾಗಲಿ ನೋವಾಗಲಿ ಹೆಚ್ಚಿಲ್ಲದ ಪರೀಕ್ಷೆಯಿದು.

ಏಕೆ ಬರುತ್ತದೆ? ಏಕೆ ಮರಳಿ ಬರುತ್ತದೆ?

ಮೊದಲನೆಯ ಕಾರಣ ಆಂಟಿಬಯಾಟಿಕ್‌ಗಳು. ಗಂಟಲುನೋವಿಗೋ ಮೂತ್ರದ ಸೋಂಕಿಗೋ ತೆಗೆದುಕೊಂಡ ಮಾತ್ರೆಗಳು ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ಕಾವಲಿಲ್ಲದ ಹೊಲಕ್ಕೆ ಕಳೆ ನುಗ್ಗುವಂತೆ ಶಿಲೀಂಧ್ರವು ಹಬ್ಬುತ್ತದೆ. ಎರಡನೆಯದು ಗರ್ಭಾವಸ್ಥೆ: ಈಸ್ಟ್ರೋಜನ್ ಹಾರ್ಮೋನಿನ ಏರಿಕೆ ಶಿಲೀಂಧ್ರಕ್ಕೆ ಅನುಕೂಲಕರ. ಮೂರನೆಯದು ದೀರ್ಘಕಾಲ ಸ್ಟಿರಾಯ್ಡ್ ಸೇವನೆ ಮತ್ತು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವ್ಯಾಧಿಗಳು.

ನಾಲ್ಕನೆಯದು, ನಮ್ಮ ನಾಡಿನ ಮಟ್ಟಿಗೆ ಎಲ್ಲಕ್ಕಿಂತ ಗಮನಿಸಬೇಕಾದುದು, ಮಧುಮೇಹ. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಅದು ಮೂತ್ರದಲ್ಲಿಯೂ ದೇಹದ ಸ್ರಾವಗಳಲ್ಲಿಯೂ ಸೇರಿ ಶಿಲೀಂಧ್ರಕ್ಕೆ ಆಹಾರವಾಗುತ್ತದೆ. ಜೊತೆಗೆ ಸೋಂಕನ್ನು ತಡೆಯುವ ರಕ್ತಕಣಗಳ ಶಕ್ತಿಯೂ ಕುಂದುತ್ತದೆ. ಅನೇಕ ಸ್ತ್ರೀಯರಲ್ಲಿ ಮಧುಮೇಹದ ಮೊದಲ ಸೂಚನೆ ಬಾಯಾರಿಕೆಯಲ್ಲ, ಈ ತುರಿಕೆ. ಹೊಲದ ಕೆಲಸ ಮಾಡುವ, ಐವತ್ತರ ಆಸುಪಾಸಿನ ತಾಯಿಯೊಬ್ಬರು ಎರಡು ವರ್ಷಗಳಿಂದ ತುರಿಕೆಯನ್ನು 'ಉಷ್ಣ'ವೆಂದು ತಿಳಿದು, ಸಬ್ಬಕ್ಕಿ ಗಂಜಿಯಿಂದ ಹಿಡಿದು ಅಂಗಡಿಯ ಮುಲಾಮಿನವರೆಗೆ ಎಲ್ಲವನ್ನೂ ಮಾಡಿ ಸೋತು ನಮ್ಮಲ್ಲಿಗೆ ಬಂದರು. ಅವರ ರಕ್ತದ ಸಕ್ಕರೆಯನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಬರಿಹೊಟ್ಟೆಯಲ್ಲಿಯೇ ಅದು 240 ಮೀರಿತ್ತು. ಸಕ್ಕರೆ ಹತೋಟಿಗೆ ಬಂದ ಮೇಲೆ ತುರಿಕೆಯೂ ಹಿಡಿತಕ್ಕೆ ಬಂದಿತು. ಇಂಥ ಉದಾಹರಣೆಗಳು ನಮ್ಮಲ್ಲಿ ವಿರಳವಲ್ಲ.

ಆದ್ದರಿಂದ ಮೂವತ್ತು ದಾಟಿದ ಯಾವ ಸ್ತ್ರೀಗಾದರೂ ಈ ಸೋಂಕು ಮರುಕಳಿಸಿದರೆ ರಕ್ತಪರೀಕ್ಷೆ ಮಾಡಿಸಲೇಬೇಕು. ಬರಿಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ ಪ್ರಮಾಣ ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ಅದು ಮಧುಮೇಹ. ಮುಟ್ಟು ನಿಂತ ಸ್ತ್ರೀಯರಲ್ಲಿ ಯೀಸ್ಟ್ ಸೋಂಕು ಸಹಜವಾಗಿ ಕಡಿಮೆ. ಅವರಲ್ಲಿ ಕಂಡುಬಂದರೆ ಸಕ್ಕರೆಯನ್ನು ನೋಡದೆ ಬಿಡಬಾರದು.

ಈಗಾಗಲೇ ಮಧುಮೇಹಕ್ಕೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಇನ್ನೊಂದು ಮಾತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಈಗ ವ್ಯಾಪಕ ಬಳಕೆಯಲ್ಲಿವೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದೇ ಇವುಗಳ ಕಾರ್ಯವಿಧಾನವಾದ್ದರಿಂದ, ಜನನಾಂಗದ ಶಿಲೀಂಧ್ರ ಸೋಂಕು ಇವುಗಳ ಪರಿಚಿತ ಅಡ್ಡಪರಿಣಾಮ. ಹೃದಯ ಮತ್ತು ಮೂತ್ರಪಿಂಡಗಳಿಗೆ ಹಿತಕರವಾದ ಔಷಧಗಳಿವು, ತಾವಾಗಿಯೇ ನಿಲ್ಲಿಸಬಾರದು. ಮೂತ್ರವಿಸರ್ಜನೆಯ ನಂತರ ನೀರಿನಿಂದ ತೊಳೆದು ಒರೆಸಿಕೊಳ್ಳುವುದು, ತುರಿಕೆ ಕಂಡೊಡನೆ ಔಷಧ ಬರೆದ ವೈದ್ಯರಿಗೆ ತಿಳಿಸುವುದು, ಇವೆರಡನ್ನು ಪಾಲಿಸಿದರೆ ಸಾಕು.

ಆಯುರ್ವೇದದ ದೃಷ್ಟಿ

ಚರಕಾಚಾರ್ಯರು ಹೇಳುವ ಕಫಜ ಯೋನಿವ್ಯಾಪತ್ತಿನ ಲಕ್ಷಣಗಳು ಈ ಸೋಂಕಿಗೆ ಬಹಳ ಸಮೀಪವಾಗಿವೆ: ಲೋಳೆಯಾದ, ಬಿಳಿಚಿದ ಸ್ರಾವ, ತುರಿಕೆ, ಅಲ್ಪವೇದನೆ. ಅಭಿಷ್ಯಂದಿ ಆಹಾರ, ಎಂದರೆ ಸ್ರೋತಸ್ಸುಗಳಲ್ಲಿ ಜಿಡ್ಡು ತೇವಗಳನ್ನು ಹೆಚ್ಚಿಸುವ ಗುರುಪದಾರ್ಥಗಳು, ಇದಕ್ಕೆ ಕಾರಣವೆನ್ನಲಾಗಿದೆ. ಗರ್ಭಿಣಿಯರಲ್ಲಿ ಬಿಳಿ ಸ್ರಾವವನ್ನುಂಟುಮಾಡುವ ಉಪಪ್ಲುತಾ ಎಂಬ ವ್ಯಾಧಿಯನ್ನು ಅವರು ಪ್ರತ್ಯೇಕವಾಗಿ ಗುರುತಿಸಿದ್ದಾರೆ. ತೊಳೆದುಕೊಳ್ಳದಿರುವುದರಿಂದ ಜಂತುಗಳು ಹುಟ್ಟಿ ತುರಿಕೆಯುಂಟಾಗುವ ಸ್ಥಿತಿಗೆ ಅಚರಣಾ ಎಂಬ ಹೆಸರನ್ನಿಟ್ಟಿದ್ದಾರೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ತುರಿಕೆಗೂ ಜಂತುವಿಗೂ ಸಂಬಂಧ ಕಲ್ಪಿಸಿದ ಈ ದೃಷ್ಟಿ ಮೆಚ್ಚತಕ್ಕದ್ದು. ಇನ್ನು ಪ್ರಮೇಹ, ಅಂದರೆ ಇಂದಿನ ಮಧುಮೇಹವನ್ನೊಳಗೊಂಡ ರೋಗವರ್ಗವು, ಕಫ ಮತ್ತು ಮೇದಸ್ಸುಗಳ ದುಷ್ಟಿಯಿಂದ ಬರುತ್ತದೆಂಬ ಶಾಸ್ತ್ರವಚನವನ್ನು ಇದರೊಡನೆ ಇರಿಸಿ ನೋಡಿದರೆ, ಎರಡಕ್ಕೂ ಪಥ್ಯವು ಒಂದೇ ದಿಕ್ಕಿನಲ್ಲಿರುವುದು ತಿಳಿಯುತ್ತದೆ.

ಚಿಕಿತ್ಸೆ

ಮೊದಲ ಬಾರಿಗೆ ಬಂದ, ಪರೀಕ್ಷೆಯಿಂದ ಖಚಿತವಾದ ಯೀಸ್ಟ್ ಸೋಂಕಿಗೆ ಶಿಲೀಂಧ್ರನಾಶಕ ಔಷಧವೇ ಶೀಘ್ರಫಲದಾಯಕ. ಆಯುರ್ವೇದ ವೈದ್ಯರಾಗಿ ಇದನ್ನು ಹೇಳಲು ನಮಗೆ ಹಿಂಜರಿಕೆಯಿಲ್ಲ; ರೋಗಿಯ ಹಿತವೇ ವೈದ್ಯನ ಶಾಸ್ತ್ರ. ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆ 500 ಮಿಲಿಗ್ರಾಂನದಾದರೆ ಒಂದೇ ರಾತ್ರಿ, 100 ಮಿಲಿಗ್ರಾಂನದಾದರೆ ದಿನಕ್ಕೊಂದರಂತೆ ಒಂದು ವಾರ ಬಳಸಲಾಗುತ್ತದೆ. ಬಾಯಿಯ ಮೂಲಕವಾದರೆ ಫ್ಲುಕೊನಜೋಲ್ 150 ಮಿಲಿಗ್ರಾಂನ ಒಂದೇ ಮಾತ್ರೆ. ಇವುಗಳಲ್ಲಿ ಯಾರಿಗೆ ಯಾವುದು ಎಂಬುದನ್ನು ಪರೀಕ್ಷಿಸಿದ ವೈದ್ಯರೇ ನಿರ್ಧರಿಸಬೇಕು. ಗರ್ಭಿಣಿಯರು ಫ್ಲುಕೊನಜೋಲ್ ಮಾತ್ರೆಯನ್ನು ನುಂಗಬಾರದು. ಅವರಿಗೆ ಸ್ಥಾನಿಕ ಔಷಧವೇ, ಅದೂ 7 ದಿನಗಳ ಕ್ರಮವೇ ಯೋಗ್ಯ. ಎರಡು ಮೂರು ದಿನಗಳಲ್ಲಿ ತುರಿಕೆ ತಗ್ಗಿದರೂ ಔಷಧವನ್ನು ನಡುವೆ ನಿಲ್ಲಿಸಬಾರದು. ಯೋನಿಯಲ್ಲಿ ಬಳಸುವ ಕ್ರೀಮು ಮತ್ತು ಮಾತ್ರೆಗಳು ಕಾಂಡೋಮಿನ ರಬ್ಬರನ್ನು ದುರ್ಬಲಗೊಳಿಸಬಲ್ಲವು ಎಂಬುದೂ ನೆನಪಿರಲಿ. ಪತಿಗೆ ತುರಿಕೆ, ಕೆಂಪು ಮುಂತಾದ ಲಕ್ಷಣಗಳಿಲ್ಲದಿದ್ದರೆ ಅವರಿಗೆ ಚಿಕಿತ್ಸೆ ಬೇಕಾಗುವುದಿಲ್ಲ.

ವರ್ಷದಲ್ಲಿ ಮೂರು ನಾಲ್ಕು ಬಾರಿ ಮರುಕಳಿಸಿದರೆ ಅದು ಬೇರೆಯೇ ವರ್ಗ. ಅಲ್ಲಿ ಸ್ರಾವದ ಕಲ್ಚರ್ ಪರೀಕ್ಷೆ, ಸಕ್ಕರೆಯ ಪರೀಕ್ಷೆ ಅವಶ್ಯ. ಆಲ್ಬಿಕನ್ಸ್ ಅಲ್ಲದ ಕೆಲವು ಪ್ರಭೇದಗಳು ಸಾಮಾನ್ಯ ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಇಂಥವರಿಗೆ ಸ್ತ್ರೀರೋಗತಜ್ಞರು ವಾರಕ್ಕೊಂದು ಮಾತ್ರೆಯಂತೆ ಆರು ತಿಂಗಳ ಕ್ರಮವನ್ನು ಸೂಚಿಸುವುದುಂಟು.

ಆಯುರ್ವೇದದ ಚಿಕಿತ್ಸೆಗೆ ಮುಖ್ಯ ಅವಕಾಶವಿರುವುದು ಮರುಕಳಿಸುವ ಪ್ರವೃತ್ತಿಯನ್ನು ತಗ್ಗಿಸುವುದರಲ್ಲಿ. ಹೊರಭಾಗವನ್ನು ತೊಳೆಯಲು ತ್ರಿಫಲಾ ಕಷಾಯ ಅಥವಾ ಪಂಚವಲ್ಕಲ ಕಷಾಯವನ್ನು ನಾವು ಸೂಚಿಸುತ್ತೇವೆ. ಆಲ, ಅತ್ತಿ, ಅರಳಿ, ಬಸರಿ, ಹೂವರಸಿ ಈ ಐದು ಮರಗಳ ತೊಗಟೆಯೇ ಪಂಚವಲ್ಕಲ; ಕಷಾಯರಸವು ಸ್ತಂಭಕವೂ ಶೋಧಕವೂ ಆಗಿದೆ. ಎರಡು ಚಮಚ ತ್ರಿಫಲಾ ಪುಡಿಯನ್ನು ಅರ್ಧ ಲೀಟರ್ ನೀರಿನಲ್ಲಿ ಕುದಿಸಿ ಅರ್ಧಕ್ಕಿಳಿಸಿ, ತೆಳುಬಟ್ಟೆಯಲ್ಲಿ ಸೋಸಿ, ಪೂರ್ಣ ಆರಿದ ಮೇಲೆ ದಿನಕ್ಕೊಮ್ಮೆ ಹೊರಭಾಗಕ್ಕೆ ಮಾತ್ರ ಬಳಸಬೇಕು. ಕಷಾಯವನ್ನು ಪ್ರತಿದಿನ ಹೊಸದಾಗಿ ಮಾಡಬೇಕು. ಚರ್ಮ ಸೀಳಿದ್ದರೆ, ಉರಿ ಹೆಚ್ಚಿದರೆ ನಿಲ್ಲಿಸಬೇಕು. ಪುಷ್ಯಾನುಗ ಚೂರ್ಣ, ಲೋಧ್ರದ ಯೋಗಗಳು, ಚಂದ್ರಪ್ರಭಾ ವಟಿ ಮುಂತಾದ ಒಳಔಷಧಗಳನ್ನು ಪ್ರಕೃತಿ, ಅಗ್ನಿಬಲ, ಗರ್ಭಾವಸ್ಥೆಗಳನ್ನು ನೋಡಿಯೇ ವೈದ್ಯರು ಕೊಡಬೇಕು. ಯೋನಿಯೊಳಗೆ ಮಾಡುವ ಪ್ರಕ್ಷಾಳನ, ಪಿಚು, ವರ್ತಿಗಳು ವೈದ್ಯರ ಕೈಯಲ್ಲಿ ಆಗತಕ್ಕ ಕರ್ಮಗಳು, ಮನೆಯಲ್ಲಿ ಪ್ರಯೋಗಿಸತಕ್ಕವಲ್ಲ.

ಮಾಡಬಾರದ ಕೆಲಸಗಳು

ಬೆಳ್ಳುಳ್ಳಿಯ ಎಸಳು, ನಿಂಬೆರಸ, ಅಡುಗೆ ಸೋಡ, ಬೇವಿನೆಣ್ಣೆ, ಅರಿಶಿನದ ಲೇಪ, ಮೊಸರು ಇವನ್ನು ಒಳಗೆ ಹಾಕಿಕೊಂಡು ಸುಟ್ಟ ಗಾಯದೊಡನೆ ಬಂದವರನ್ನು ನಾವು ಉಪಚರಿಸಿದ್ದೇವೆ. ಇವು ಯಾವುವೂ ಬೇಡ.

ಒಳಭಾಗವನ್ನು ಸೋಪಿನಿಂದಾಗಲಿ, ಕ್ರಿಮಿನಾಶಕ ದ್ರಾವಣದಿಂದಾಗಲಿ, ಪರಿಮಳದ ಲೋಷನ್ನಿನಿಂದಾಗಲಿ ತೊಳೆಯಬಾರದು. ಯೋನಿಮಾರ್ಗವು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಅತಿಯಾದ ತೊಳೆತವು ಕಾವಲು ಬ್ಯಾಕ್ಟೀರಿಯಾಗಳನ್ನೇ ಕೊಚ್ಚಿಹಾಕುತ್ತದೆ.

ಔಷಧದಂಗಡಿಯಲ್ಲಿ ಕೇಳಿ ತಂದ, ಸ್ಟಿರಾಯ್ಡ್ ಬೆರೆತ ಮುಲಾಮನ್ನು ಹಚ್ಚಬಾರದು. ಮೂರು ದಿನ ತುರಿಕೆ ಮಾಯವಾದಂತೆ ತೋರಿ, ಶಿಲೀಂಧ್ರವು ಮತ್ತಷ್ಟು ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ.

ನೆರೆಮನೆಯವರಿಗೆ ಗುಣವಾದ ಮಾತ್ರೆಯನ್ನು ತಾವು ನುಂಗಬಾರದು. ಅವರ ಬಿಳಿಸೆರಗು ನಿಮ್ಮ ಬಿಳಿಸೆರಗಲ್ಲ.

ಪಥ್ಯ ಮತ್ತು ದಿನಚರಿ

ಜನನಾಂಗದ ಹೊರಭಾಗವನ್ನು ದಿನಕ್ಕೆರಡು ಬಾರಿ ಶುದ್ಧ ನೀರಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಮಲವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯುವ ಅಭ್ಯಾಸವನ್ನು ಹೆಣ್ಣುಮಕ್ಕಳಿಗೆ ಎಳವೆಯಲ್ಲಿಯೇ ಕಲಿಸಬೇಕು. ಒಳಉಡುಪು ಹತ್ತಿಯದಾಗಿ, ಸಡಿಲವಾಗಿರಲಿ. ನಾಟಿ ಕೆಲಸದಲ್ಲಿಯೋ ಮಳೆಯಲ್ಲಿಯೋ ಒದ್ದೆಯಾದ ಉಡುಪನ್ನು ಮನೆಗೆ ಬಂದೊಡನೆ ಬದಲಿಸಬೇಕು.

ಒಳಉಡುಪನ್ನೂ ಮುಟ್ಟಿನ ಬಟ್ಟೆಯನ್ನೂ ಯಾರ ಕಣ್ಣಿಗೂ ಬೀಳದಂತೆ ಕತ್ತಲೆಯ ಮೂಲೆಯಲ್ಲಿ, ಇನ್ನೊಂದು ಬಟ್ಟೆಯ ಅಡಿಯಲ್ಲಿ ಒಣಹಾಕುವ ರೂಢಿ ಇನ್ನೂ ಹೋಗಿಲ್ಲ. ಮಲೆನಾಡಿನ ಮಳೆಗಾಲದಲ್ಲಂತೂ ಅವು ದಿನವಾದರೂ ಒಣಗುವುದಿಲ್ಲ. ತೇವವೇ ಶಿಲೀಂಧ್ರದ ತವರು. ಬಿಸಿಲಿದ್ದಾಗ ಬಿಸಿಲಿನಲ್ಲಿಯೇ ಒಣಗಿಸಬೇಕು. ಇಲ್ಲದಾಗ ಇಸ್ತ್ರಿ ಮಾಡಿ, ತೇವ ಪೂರ್ಣ ಹೋದ ಮೇಲೆ ಧರಿಸಬೇಕು. ಅಂಗಳದ ಹಗ್ಗದ ಮೇಲೆ ಮನೆಯ ಗಂಡಸರ ಬಟ್ಟೆಗೆ ಇರುವ ಸ್ಥಳ ಹೆಂಗಸರ ಬಟ್ಟೆಗೂ ಇರಲಿ.

ಆಹಾರದಲ್ಲಿ ಸಿಹಿತಿಂಡಿ, ಮೈದಾ, ಕರಿದ ಪದಾರ್ಥ, ರಾತ್ರಿಯ ಮೊಸರು ಇವನ್ನು ಮಿತಗೊಳಿಸಬೇಕು. ರಾಗಿ, ಜೋಳ, ಹೆಸರುಬೇಳೆ, ಸೊಪ್ಪು, ಹಾಗಲ, ಹೀರೆ, ನೆಲ್ಲಿ, ಮಧ್ಯಾಹ್ನದ ತೆಳುಮಜ್ಜಿಗೆ ಹಿತಕರ. ಪಥ್ಯವೊಂದರಿಂದಲೇ ಬಂದ ಸೋಂಕು ಹೋಗದು; ಆದರೆ ಸಕ್ಕರೆಯನ್ನು ಹತೋಟಿಯಲ್ಲಿಡಲು ಪಥ್ಯವೇ ಅಡಿಪಾಯ. ದಿನಕ್ಕೆ ಅರ್ಧಗಂಟೆಯ ನಡಿಗೆಯನ್ನೂ ಔಷಧವೆಂದೇ ತಿಳಿಯಬೇಕು.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮೊದಲ ಬಾರಿಗೆ ತೊಂದರೆ ಕಂಡಾಗ, ಗರ್ಭಿಣಿಯಾಗಿದ್ದಾಗ, ಋತುಮತಿಯಾಗದ ಬಾಲಿಕೆಯಲ್ಲಿ ಸ್ರಾವ ಕಂಡಾಗ, ಮುಟ್ಟು ನಿಂತ ಮೇಲೆ ತುರಿಕೆಯಾಗಲಿ ರಕ್ತವಾಗಲಿ ಕಂಡಾಗ, ಜ್ವರ, ಕಿಬ್ಬೊಟ್ಟೆಯ ನೋವು ಜೊತೆಗೂಡಿದಾಗ, ಹುಣ್ಣು, ಬಿಳಿಯ ಮಚ್ಚೆ, ಗಂಟು ಕಂಡಾಗ, ಒಂದು ಸುತ್ತಿನ ಔಷಧಕ್ಕೆ ತಗ್ಗದಿದ್ದಾಗ, ವರ್ಷದಲ್ಲಿ ಮೂರು ಬಾರಿ ಮರಳಿದಾಗ. ಇವಲ್ಲದೆ, 30ರಿಂದ 65 ವರ್ಷದೊಳಗಿನ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠದ ಪರೀಕ್ಷೆಯನ್ನು ರಾಷ್ಟ್ರೀಯ ಕಾರ್ಯಕ್ರಮವು ಸೂಚಿಸಿದೆ. ಬಿಳಿಸೆರಗಿಗೆಂದು ಸರ್ಕಾರಿ ಆಸ್ಪತ್ರೆಗೆ ಹೋದವರು ಅದನ್ನೂ ಕೇಳಿ ಮಾಡಿಸಿಕೊಂಡು ಬರುವುದು ವಿವೇಕ.

ವೈದ್ಯರ ಮುಂದೆ ಕುಳಿತಾಗ ನಾಲ್ಕು ಸಂಗತಿಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ರೋಗನಿರ್ಣಯದ ಅರ್ಧಭಾಗ ಮುಗಿದಂತೆ: ಸ್ರಾವದ ಬಣ್ಣ ಮತ್ತು ವಾಸನೆ, ತುರಿಕೆ ಆರಂಭವಾದ ಕಾಲ, ಇತ್ತೀಚೆಗೆ ಸೇವಿಸಿದ ಔಷಧಗಳು, ಮನೆತನದಲ್ಲಿ ಮಧುಮೇಹವಿದೆಯೇ ಎಂಬುದು. ಮಹಿಳಾ ವೈದ್ಯರೇ ಬೇಕೆಂದು ಕೇಳುವ ಹಕ್ಕು ರೋಗಿಗಿದೆ. ಜೊತೆಗೆ ತಾಯಿಯನ್ನೋ ಸೋದರಿಯನ್ನೋ ಕರೆದೊಯ್ಯಬಹುದು. ಮನೆಯ ಹಿರಿಯರಲ್ಲಿ, ವಿಶೇಷವಾಗಿ ಪುರುಷರಲ್ಲಿ, ನಮ್ಮದೊಂದು ಬಿನ್ನಹ: ಮನೆಯ ಹೆಣ್ಣುಮಗಳು ಆಸ್ಪತ್ರೆಗೆ ಹೋಗಬೇಕೆಂದಾಗ ಏಕೆಂದು ಕೆದಕದೆ ಕಳುಹಿಸಿಕೊಡಿ. ಹಲ್ಲುನೋವನ್ನು ಹೇಳಿದಷ್ಟು ಸಹಜವಾಗಿ ಈ ನೋವನ್ನೂ ಹೇಳಲು ಅವಳಿಗೆ ಸಾಧ್ಯವಾದರೆ, ರೋಗವು ಬೇರೂರುವುದಕ್ಕೆ ಮುಂಚೆಯೇ ಅವಳು ಚಿಕಿತ್ಸೆ ಪಡೆಯುವಳು.

ಮುಂದಿನ ಸಂಚಿಕೆಯಲ್ಲಿ ಸ್ತ್ರೀಯರ ರಕ್ತಹೀನತೆ ಮತ್ತು ಅದಕ್ಕೆ ತಕ್ಕ ಆಹಾರವನ್ನು ಕುರಿತು ವಿಚಾರ ಮಾಡೋಣ.